ಜಗುಲಿಯ ವಿಜ್ಞಾನ: ಅಚಲೆಯ ಅಲುಗಾಟ

ಭೂಮಿಗೆ ನಮ್ಮ ನಿಘಂಟುಕಾರರು ಕೊಟ್ಟಿರುವ ಹೆಸರುಗಳಲ್ಲಿ ‘ಅಚಲಾ’ ಎಂಬುದೂ ಒಂದು. ಅಲುಗದವಳು ಎಂದು ಅದರ ಅರ್ಥ. ಗೃಹಸ್ಥನಾದವನು ಮನೆ ಕಟ್ಟಲು ಹೊರಟಾಗ ಈ ಹೆಸರನ್ನೇ ನಂಬಿ ಪಾಯ ತೆಗೆಸುತ್ತಾನೆ. ಮಳೆ ತಪ್ಪಬಹುದು, ಬೆಳೆ ಕೈಕೊಡಬಹುದು, ಆಡಿದ ಮಾತಿಗೆ ನೆಂಟರೇ ತಪ್ಪಬಹುದು. ಕಾಲ ಕೆಳಗಿನ ನೆಲವೊಂದು ಮಾತ್ರ ಇದ್ದಲ್ಲಿಯೇ ಇರುವುದೆಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ, ಎಷ್ಟರ ಮಟ್ಟಿಗೆ ತಪ್ಪು ಎಂಬುದನ್ನು ವಾಚಕರ ಮುಂದಿಡಬೇಕೆಂಬುದು ಈ ತಿಂಗಳ ಸಂಕಲ್ಪ. ಅದಕ್ಕೆ ನಿಮಿತ್ತವಾದದ್ದು ಮೂಗೂರಿನಲ್ಲಿ ನಮ್ಮ ಅಕ್ಕನ ಮನೆಯ ಒಂದು ಗೋಡೆ.

ಮೂಗೂರು ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಊರು. ತ್ರಿಪುರಸುಂದರಿಯ ಸನ್ನಿಧಿಯಿಂದ ಅದು ಪ್ರಸಿದ್ಧವಾಗಿದೆ. ಮೈಸೂರು ಸೀಮೆಯ ನೃತ್ಯಪರಂಪರೆಯನ್ನು ಬಲ್ಲವರಿಗೂ ಅದರ ಹೆಸರು ಪರಿಚಿತವಾದುದೇ. ನಂಜನಗೂಡಿನ ಕಡೆಯಿಂದ ಇಳಿದು ಬರುವ ಕಪಿಲೆಯು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳು. ಕೂಡಿದ ಹೊಳೆ ತಲಕಾಡಿನ ಕಡೆಗೆ ಹರಿಯುವುದು. ಮೂಡಲಲ್ಲಿ ಸುವರ್ಣಾವತಿಯ ಕಣಿವೆ. ಹೀಗೆ ಮೂರು ಹೊಳೆಗಳ ನಡುವಣ ನೆಲ ಅದು.

ನಮ್ಮ ಭಾವನವರ ತೊಟ್ಟಿಮನೆಯ ಬಡಗಣ ಗೋಡೆಯಲ್ಲಿ ಬಹು ದಿನಗಳಿಂದ ಒಂದು ಬಿರುಕಿತ್ತು. ಪ್ರತಿ ಬೇಸಗೆಯಲ್ಲಿ ಅದು ಬೆರಳು ತೂರುವಷ್ಟು ತೆರೆಯುವುದು. ಮಳೆಗಾಲದಲ್ಲಿ ತಾನಾಗಿ ಮುಚ್ಚಿಕೊಳ್ಳುವುದು. ಸುಣ್ಣ ಬಳಿದು ಮರೆಸಿದ್ದೇ ಮರೆಸಿದ್ದು. ಈ ಸಲ ಆ ಗೋಡೆಯ ಪಕ್ಕದಲ್ಲಿಯೇ ಮೊಮ್ಮಗಳ ತೊಟ್ಟಿಲನ್ನು ಕಟ್ಟಿದ್ದರು. ನಮ್ಮ ಅಕ್ಕ ರಾತ್ರಿಯೆಲ್ಲ ಆ ಬಿರುಕನ್ನೇ ನೋಡುತ್ತ ನಿದ್ದೆಗೆಟ್ಟು, ಕಡೆಗೆ ಗೋಡೆಯನ್ನು ಕೆಡವಿಸಿ ಹೊಸದಾಗಿ ಕಟ್ಟಿಸಲೇಬೇಕೆಂದು ಹಟ ಹಿಡಿದಳು. ನಾನು ಹೋದ ದಿನ ಪಾಯ ತೆಗೆಯುತ್ತಿದ್ದರು; ಅಲ್ಲಿಯೇ ಒಂದು ವಾದವೂ ನಡೆದಿತ್ತು.

“ಸ್ವಾಮಿ, ಇದು ಎರೆ ನೆಲ. ಮಳೆ ಬಂದರೆ ಉಬ್ಬುತ್ತೆ, ಬಿಸಿಲಿಗೆ ಬಾಯಿಬಿಡುತ್ತೆ. ಗಟ್ಟಿ ಗರಸು ಸಿಗೋವರೆಗೂ ಅಗೀಲೇಬೇಕು” ಎಂದು ಮೇಸ್ತ್ರಿಯ ಮಾತು.

“ನಾಲ್ಕು ಅಡಿ ತೆಗೆದದ್ದಾಯಿತು. ಅಗೆದಷ್ಟೂ ಕೂಲಿ, ಕಟ್ಟಿದಷ್ಟೂ ಕಲ್ಲು. ಮೂರು ತಲೆಮಾರು ನಿಂತ ಮನೆ ಇದು. ಭೂಮಿಯೇನು ಎದ್ದು ಓಡಿಹೋಗುತ್ತದೆಯೆ?” ಎಂದು ಭಾವನವರ ಉತ್ತರ.

ಅಷ್ಟರಲ್ಲಿ ಅವರ ಮೊಮ್ಮಗ, ಏಳನೆಯ ತರಗತಿಯ ಹುಡುಗ, ಕೈಯಲ್ಲಿ ಒಂದು ಕಪ್ಪು ಹೆಂಟೆಯನ್ನು ಹಿಡಿದು ನನ್ನ ಬಳಿಗೆ ಬಂದು, “ತಾತ, ದಿಬ್ಬದ ಹೊಲದಲ್ಲಿ ಮಣ್ಣು ಕೆಂಪಗಿದೆ, ಇಲ್ಲಿ ಕಪ್ಪಗಿದೆ. ಒಂದೇ ಊರಲ್ಲಿ ಎರಡು ಬಣ್ಣ ಯಾಕೆ?” ಎಂದು ಕೇಳಿದನು. ಜಗುಲಿಯ ಮೇಲೆ ಕುಳಿತು ಅವನಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ನಾವು ಕುಳಿತಿದ್ದ ಜಗುಲಿಯ ಚಪ್ಪಡಿಯಿಂದಲೇ ಕಥೆ ಮೊದಲಾಗುತ್ತದೆ. ಬಿಳಿಯ ಮತ್ತು ಬೂದುಬಣ್ಣದ ಪಟ್ಟೆಗಳುಳ್ಳ ಈ ಕಲ್ಲನ್ನು ಮೈಸೂರು ಸೀಮೆಯಲ್ಲಿ ಕಾಣದವರಿಲ್ಲ. ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರದ ಇಲಾಖೆಯು 1894ರಲ್ಲಿ ರಾಬರ್ಟ್ ಬ್ರೂಸ್ ಫೂಟರ ನೇತೃತ್ವದಲ್ಲಿ ಆರಂಭವಾಯಿತು. ಅವರ ತರುವಾಯ ಬಂದ ಸ್ಮೀತ್ ಎಂಬವರು ಈ ಪಟ್ಟೆಕಲ್ಲಿಗೆ ‘ಪೆನಿನ್ಸುಲರ್ ನೈಸ್’, ಎಂದರೆ ಪರ್ಯಾಯದ್ವೀಪದ ಪಟ್ಟೆಶಿಲೆ, ಎಂದು ಹೆಸರಿಟ್ಟರು. ಇದರ ವಯಸ್ಸು 300 ಕೋಟಿ ವರ್ಷಗಳಷ್ಟು. ಕೆಲವು ಕಡೆ ಅದಕ್ಕಿಂತಲೂ ಹೆಚ್ಚು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಮಕ್ಕಳನ್ನು ಆಡಿಸಿದ ತಾಯಂದಿರು ಈ ಶಿಲೆಯನ್ನೇ ತುಳಿದಿರುತ್ತಾರೆ. ಹಿಮಾಲಯವು ಇದರ ಮುಂದೆ ನಿನ್ನೆ ಹುಟ್ಟಿದ ಕೂಸು. ಇಷ್ಟು ಮುದಿಯಾದ ಶಿಲೆಯ ಮೇಲೆ ನಿಂತಿರುವುದರಿಂದಲೇ ನಮ್ಮ ಪ್ರಸ್ಥಭೂಮಿಯು ಅಚಲವಾದುದೆಂದು ಪಂಡಿತರೂ ಬಹುಕಾಲ ಹೇಳುತ್ತಿದ್ದರು.

ಆದರೆ ಈ ಮುದಿ ಶಿಲೆಯ ಮೈಮೇಲೆಯೇ ಹಳೆಯ ಗಾಯಗಳ ಗುರುತುಂಟು. ಮೈಸೂರು, ಶ್ರೀರಂಗಪಟ್ಟಣ, ಚಾಮರಾಜನಗರಗಳ ಸುತ್ತಮುತ್ತ ಬೂದುಬಣ್ಣದ ಅರೆಯನ್ನು ಸೀಳಿಕೊಂಡು ಗೋಡೆಯಂತೆ ನೆಟ್ಟಗೆ ನಿಂತಿರುವ ಬೇರೆ ಜಾತಿಯ ಕಲ್ಲಿನ ಪಟ್ಟಿಗಳನ್ನು ಕಾಣಬಹುದು. ಅವುಗಳಲ್ಲಿ ಹಲವು ಕರಿಕಲ್ಲಿನವು. ಚಾಮರಾಜನಗರದ ಕರಿಕಲ್ಲು ನಯಗೊಂಡು ದೂರದೇಶಗಳಿಗೂ ಹೋಗುವುದೆಂಬುದನ್ನು ವಾಚಕರು ಕೇಳಿರಬಹುದು. ಈ ಪಟ್ಟಿಗಳು ಹುಟ್ಟಿದ ಬಗೆಯನ್ನು ಅಡಿಗೆಮನೆಯಲ್ಲಿಯೇ ನೋಡಿ ತಿಳಿಯಬಹುದಾಗಿದೆ. ಕಾಸಿದ ಹಾಲಿನ ಮೇಲೆ ಕೆನೆ ಕಟ್ಟಿದಾಗ, ಎರಡು ಬೆರಳುಗಳಿಂದ ಕೆನೆಯನ್ನು ಆಚೆಗೂ ಈಚೆಗೂ ಮೆಲ್ಲನೆ ಎಳೆದು ನೋಡಿರಿ. ಕೆನೆಯು ನಡುವೆ ಸೀಳುವುದು. ಆ ಸೀಳಿನಲ್ಲಿ ಕೆಳಗಿನ ಹಾಲು ಮೇಲಕ್ಕೆ ಬರುವುದು. ಭೂಮಿಯ ಹೊರಪದರವೂ ಇಕ್ಕಡೆಗೆ ಜಗ್ಗಲ್ಪಟ್ಟಾಗ ಹೀಗೆಯೇ ಬಿರಿಯುತ್ತದೆ. ಬಿರುಕಿನಲ್ಲಿ ಆಳದ ಶಿಲಾರಸವು ಏರಿ ಬಂದು, ಅಲ್ಲಿಯೇ ಆರಿ, ಗಟ್ಟಿಯಾಗಿ ನಿಂತುಬಿಡುತ್ತದೆ. ನೆಲ ಎಷ್ಟು ಜಗ್ಗಿತೆಂಬುದಕ್ಕೆ ಆ ಪಟ್ಟಿಗಳ ಅಗಲವೇ ಅಳತೆಗೋಲು. ಒಂದು ಪ್ರದೇಶದಲ್ಲಿ ಹತ್ತು ಮೀಟರು ಅಗಲದ ಹತ್ತು ಪಟ್ಟಿಗಳು ಸಾಲಾಗಿದ್ದರೆ, ಆ ಪ್ರದೇಶವು ನೂರು ಮೀಟರಿನಷ್ಟು ಹಿಗ್ಗಿದೆಯೆಂದು ಲೆಕ್ಕ. ಬೆಂಗಳೂರಿನ ಸುತ್ತಣ ಇಂಥ ಕರಿಕಲ್ಲಿನ ಪಟ್ಟಿಗಳಲ್ಲಿ ಒಂದು ದೊಡ್ಡ ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷಗಳೆಂದು ತಿಳಿದುಬಂದಿದೆ.

“ಹಾಗಾದರೆ ಚಾಮುಂಡಿ ಬೆಟ್ಟವೂ ಒಂದು ಕಾಲದಲ್ಲಿ ಜ್ವಾಲಾಮುಖಿಯಾಗಿತ್ತೇ?” ಎಂದು ಹುಡುಗನು ಕೇಳಿದನು. ಅನೇಕರಿಗೆ ಈ ಸಂದೇಹವುಂಟು. ಅದು ಜ್ವಾಲಾಮುಖಿಯಲ್ಲ. ನೆಲದ ಆಳದಲ್ಲಿ ಹಳೆಯ ಪಟ್ಟೆಶಿಲೆಯೊಳಗೆ ನುಗ್ಗಿದ ಶಿಲಾರಸವು ಅಲ್ಲಿಯೇ ನಿಧಾನವಾಗಿ ಆರಿ ಗ್ರ್ಯಾನೈಟ್ ಶಿಲೆಯಾಯಿತು. ಕಾಲಕ್ರಮದಲ್ಲಿ ಮೇಲಿನ ಮಣ್ಣು ಕಲ್ಲುಗಳು ಸವೆದುಹೋಗಿ ಅದು ಹೊರಗೆ ಕಾಣಿಸಿಕೊಂಡಿತು. ಹೊರಗೆ ಉಕ್ಕಿ ಹರಿದ ಶಿಲಾರಸವನ್ನೇ ನೋಡಬೇಕಾದರೆ ಚಿತ್ರದುರ್ಗದ ಸಮೀಪದ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿ ನೀರಿನೊಳಗೆ ಉಕ್ಕಿ ತಟಕ್ಕನೆ ಆರಿದ ಶಿಲಾರಸವು ದಿಂಬುಗಳನ್ನು ಪೇರಿಸಿದಂತೆ ಕಲ್ಲಾಗಿ ನಿಂತಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರುಗಳ ಕಡೆಯ ಕರಿಯ ಶಿಲಾಸ್ತರಗಳು ಇನ್ನೂ ಈಚಿನವು; ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪ್ರವಾಹಪ್ರವಾಹವಾಗಿ ಹರಿದವು.

ಇನ್ನು ಕಾವೇರಿಯ ವಿಚಾರ. ತಲಕಾವೇರಿಯಿಂದ ಪಡುವಣ ಕಡಲು, ಎಂದರೆ ಕಾಸರಗೋಡಿನ ಕಡೆಯ ಕರಾವಳಿಯು, ಹಕ್ಕಿ ಹಾರುವ ದಾರಿಯಲ್ಲಿ ಐವತ್ತು ಅರವತ್ತು ಕಿಲೋಮೀಟರು ಮಾತ್ರ. ಅಷ್ಟು ಹತ್ತಿರದ ಕಡಲನ್ನು ಬಿಟ್ಟು, ಈ ಹೊಳೆಯು ಸುಮಾರು 800 ಕಿಲೋಮೀಟರು ಸುತ್ತಿಕೊಂಡು ಮೂಡಣ ಕಡಲನ್ನು ಸೇರುವುದೇಕೆ? ನೆಲ ಮೂಡಲಿಗೆ ವಾಲಿದೆ ಎಂಬುದು ಸುಲಭವಾದ ಉತ್ತರ. ವಾಲಿದುದಾದರೂ ಏಕೆಂದರೆ, ಪಡುವಲಲ್ಲಿ ನಮ್ಮ ನೆಲದಿಂದ ಒಂದು ದೊಡ್ಡ ತುಂಡು ಕಿತ್ತುಹೋಯಿತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವೂ ಭಾರತವೂ ಒಂದಕ್ಕೊಂದು ಅಂಟಿಕೊಂಡಿದ್ದುವು. ನೆಲ ಜಗ್ಗಿ ಬಿರಿದು ಎರಡೂ ಅಗಲುವಾಗ ಆ ಬಿರುಕುಗಳಿಂದ ಶಿಲಾರಸವು ಉಕ್ಕಿತು. ಅದರ ಸಾಕ್ಷಿಯನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಇಂದಿಗೂ ಕಾಣಬಹುದು. ಆರುವಾಗ ಕುಗ್ಗಿ ಬಿರುಕುಬಿಟ್ಟ ಶಿಲಾರಸವು ಅಲ್ಲಿ ಬಡಗಿಯು ಹೆರೆದು ನಿಲ್ಲಿಸಿದ ಕಂಬಗಳಂತೆ, ಐದಾರು ಮುಖಗಳ ಸ್ತಂಭಗಳಾಗಿ ಒತ್ತೊತ್ತಾಗಿ ನಿಂತಿದೆ. ಕೆರೆಯ ಎರೆಮಣ್ಣು ಬೇಸಗೆಯಲ್ಲಿ ಚಕ್ಕೆಚಕ್ಕೆಯಾಗಿ ಬಿರಿಯುವುದನ್ನು ಕಂಡವರಿಗೆ ಇದು ಅರ್ಥವಾಗದೆ ಇರದು. ಹೀಗೆ ಬಿರಿದ ನೆಲದ ಅಂಚು ಮೇಲಕ್ಕೆದ್ದು ಪಡುವಣ ಘಟ್ಟಕ್ಕೆ ಎತ್ತರ ಬಂತು. ನೀರು ಬೆನ್ನು ತಿರುಗಿಸಿ ಮೂಡಲಿಗೆ ಹರಿಯಿತು. ನರಸೀಪುರದ ಸಂಗಮದಲ್ಲಿ ಸ್ನಾನ ಮಾಡುವ ನಮಗೆ ಆ ನೀರು ಒದಗಿದುದು ಆ ಅಗಲಿಕೆಯ ಫಲ.

ಇವೆಲ್ಲವೂ ಕೋಟಿ ವರ್ಷಗಳ ಮಾತಾಯಿತು. ಭಾವನವರು ನಕ್ಕು, “ಅಂದು ಅಲುಗಿರಬಹುದು, ಈಗ ಮಲಗಿದೆಯಷ್ಟೆ” ಎಂದರು. ಭೂಗರ್ಭಶಾಸ್ತ್ರಜ್ಞರಲ್ಲಿಯೂ ಬಹುಮಂದಿ ಹಾಗೆಯೇ ತಿಳಿದಿದ್ದರು. ಇದನ್ನು ಪ್ರಶ್ನಿಸಿದವರಲ್ಲಿ ಮುಖ್ಯರಾದವರು ಖಡ್ಗ ಸಿಂಗ್ ವಲ್ದಿಯಾ.

ಈ ಮಹನೀಯರು 1937ರಲ್ಲಿ ಬರ್ಮಾ ದೇಶದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ಅವರ ಶ್ರವಣಶಕ್ತಿ ಕುಂದಿತು. ಕುಟುಂಬವು ಹಿಮಾಲಯದ ತಪ್ಪಲಿನ ಪಿಥೋರಾಗಡಕ್ಕೆ ಹಿಂದಿರುಗಿತು. ಕಿವಿಯ ಕೊರತೆಯನ್ನು ಲೆಕ್ಕಿಸದೆ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕುಮಾವೂನಿನ ಹಿಮಾಲಯದ ಶಿಲೆಗಳ ಕ್ರಮವನ್ನು ತಿಳಿದು, 1976ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನು ಪಡೆದರು. ಕುಮಾವೂನ್ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನ ಕೇಂದ್ರಕ್ಕೆ ಬಂದರು. ಎಳೆಯ ಪರ್ವತದಲ್ಲಿ ನೆಲದ ಚಲನೆಯನ್ನು ಓದಿ ಪಳಗಿದ ಕಣ್ಣು ನಮ್ಮ ಮುದಿ ಪ್ರಸ್ಥಭೂಮಿಯ ಮೇಲೆ ಬಿದ್ದಿತು. ಕಾವೇರಿಯ ನಡೆಯಲ್ಲಿ ಏನೋ ಸಹಜವಲ್ಲದುದು ಅವರಿಗೆ ಕಂಡಿತು.

ಮುದಿಯಾದ ನೆಲದಲ್ಲಿ ಹೊಳೆಯೊಂದು ಕೋಟ್ಯಂತರ ವರ್ಷ ಹರಿದಿದ್ದರೆ ಅದರ ಪಾತ್ರವು ಇಷ್ಟು ಹೊತ್ತಿಗೆ ಒಂದೇ ಸಮನಾದ ಇಳಿಜಾರಾಗಿರಬೇಕು. ನಮ್ಮ ಕಾವೇರಿಯಾದರೋ, ಮೈಸೂರಿನ ಬಯಲಿನಲ್ಲಿ ಅಗಲವಾದ ಕಣಿವೆಯಲ್ಲಿ ಬಾಗಿ ಬಳುಕಿ, ಸೋಮಾರಿಯಂತೆ ಸಾಗಿ, ಶಿವನಸಮುದ್ರಕ್ಕೆ ಬಂದೊಡನೆ ಗಗನಚುಕ್ಕಿ ಭರಚುಕ್ಕಿಗಳಲ್ಲಿ ತಲೆಕೆಳಗಾಗಿ ಧುಮುಕಿ, ಕಮರಿಯನ್ನು ಹೊಗುವಳು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿದುದು ಇದೇ ಧುಮುಕು. ಇದಲ್ಲದೆ ಕಾವೇರಿ, ಕಪಿಲಾ, ಸುವರ್ಣಾವತಿ ಮೊದಲಾದ ಹೊಳೆಗಳ ಕಣಿವೆಗಳಲ್ಲಿ ದಪ್ಪವಾದ ಕಪ್ಪು ಜೇಡಿಯ ಪದರಗಳಿರುವುದನ್ನು ವಲ್ದಿಯಾ ಗಮನಿಸಿದರು. ಓಡುವ ನೀರು ಮರಳನ್ನೂ ನೊರಜುಗಲ್ಲನ್ನೂ ಬಿಡುವುದೇ ಹೊರತು ಬೆಣ್ಣೆಯಂಥ ಜೇಡಿಯನ್ನು ಬಿಡದು. ಜೇಡಿ ತಳಕ್ಕೆ ಇಳಿಯಬೇಕಾದರೆ ನೀರು ನಿಲ್ಲಬೇಕು. ತೊಳೆದ ಅಕ್ಕಿಯ ನೀರನ್ನು ಪಾತ್ರೆಯಲ್ಲಿ ಅಲುಗಿಸದೆ ಇಟ್ಟರೆ ಮಾತ್ರ ಹಿಟ್ಟು ತಳದಲ್ಲಿ ಕೂರುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಹಾಗಾದರೆ ಈ ಕಣಿವೆಗಳಲ್ಲಿ ಒಂದು ಕಾಲಕ್ಕೆ ನೀರು ನಿಂತಿತ್ತು. ದೊಡ್ಡ ದೊಡ್ಡ ಸರೋವರಗಳಿದ್ದುವು.

ಅಣೆಕಟ್ಟಿಲ್ಲದ ಕಾಲದಲ್ಲಿ ಹೊಳೆಗೆ ಅಡ್ಡ ನಿಂತವರಾರು? ನೆಲವೇ ಎಂದು ವಲ್ದಿಯಾ ಅವರ ಉತ್ತರ. ಭೂಮಿಯ ಬಿರುಕಿನ ಒಂದು ಮಗ್ಗುಲು ಇನ್ನೊಂದಕ್ಕಿಂತ ಮೇಲಕ್ಕೋ ಕೆಳಕ್ಕೋ ಜಾರಿದರೆ ಅದಕ್ಕೆ ಸ್ತರಭಂಗವೆಂದು ಹೆಸರು. ಹರಿವಿಗೆ ಅಡ್ಡವಾಗಿ ತೆಂಕು ಬಡಗಾಗಿ ಸಾಗುವ ಹಳೆಯ ಸ್ತರಭಂಗಗಳು ಮತ್ತೆ ಎಚ್ಚತ್ತು, ಕೆಳದಂಡೆಯ ನೆಲವು ಮೇಲೆದ್ದು ನೀರನ್ನು ತಡೆಯಿತು. ಜಿ. ರಾಜಗೋಪಾಲನ್ ಅವರೊಡಗೂಡಿ 2000ದಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. ಜೇಡಿಯಲ್ಲಿ ಸಿಕ್ಕಿಕೊಂಡ ಸಸ್ಯಾಂಶದ ಇಂಗಾಲದಿಂದ ಅದರ ಕಾಲವನ್ನು ಗುಣಿಸಬಹುದು. ಪ್ರಾಣವಿದ್ದಾಗ ಸಸ್ಯವು ಹೀರಿದ ಒಂದು ಬಗೆಯ ಇಂಗಾಲವು ಸತ್ತ ಮೇಲೆ ಸುಮಾರು 5,730 ವರ್ಷಗಳಿಗೆ ಅರ್ಧದಂತೆ ಕ್ಷಯಿಸುತ್ತ ಹೋಗುವುದು. ಉಳಿದುದನ್ನು ಅಳೆದರೆ ವಯಸ್ಸು ತಿಳಿಯುವುದು. ಈ ಕ್ರಮವು ಕೋಟಿ ವರ್ಷಗಳಿಗೆ ಸಲ್ಲದು. ಕೆಲವು ಹತ್ತುಸಾವಿರ ವರ್ಷಗಳೊಳಗಿನದಕ್ಕೆ ಮಾತ್ರ ಸಲ್ಲುವುದು. ಎಂದರೆ ನಮ್ಮ ಹೊಳೆಗಳನ್ನು ತಡೆದ ಅಲುಗಾಟವು ಮನುಷ್ಯನು ಭೂಮಿಯ ಮೇಲೆ ಓಡಾಡುತ್ತಿದ್ದ ಕಾಲದ್ದೇ ಸರಿ.

ವಲ್ದಿಯಾ ಅವರಿಗೆ 2015ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 2020ರ ಸೆಪ್ಟೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎರೆಯೆಲ್ಲವೂ ಸರೋವರದ ಮಕ್ಕಳಲ್ಲ. ಕಪ್ಪು ಶಿಲೆ ಇದ್ದಲ್ಲಿಯೇ ಕೊಳೆತು, ನೀರು ಬಸಿದುಹೋಗದ ತಗ್ಗಿನಲ್ಲಿ ಎರೆಯಾಗುವುದೂ ಉಂಟು. ಅಗೆಯುತ್ತ ಹೋದಂತೆ ಮಣ್ಣು ಕ್ರಮವಾಗಿ ಸುಣ್ಣದ ಹರಳುಗಳಿಗೂ, ಅಲ್ಲಿಂದ ಕೊಳೆತ ಕಲ್ಲಿಗೂ ತಿರುಗಿದರೆ ಅದು ಅಲ್ಲಿಯೇ ಹುಟ್ಟಿದ ಎರೆ. ನಯವಾದ ಜೇಡಿಯು ಪದರಪದರವಾಗಿ ಕಂಡರೆ ಅದು ನಿಂತ ನೀರಿನ ಕಾಣಿಕೆ. ದಿಬ್ಬದ ಮೇಲೆ ನೀರು ಬೇಗ ಇಳಿದುಹೋಗುವುದರಿಂದ ಕಲ್ಲಿನೊಳಗಿನ ಕಬ್ಬಿಣವು ತುಕ್ಕುಹಿಡಿದು ಮಣ್ಣು ಕೆಂಪಾಗುವುದು. ಹುಡುಗನ ಪ್ರಶ್ನೆಗೆ ಇದು ಉತ್ತರ. ನಮ್ಮ ಭಾವನವರ ಪಾಯದ ಗುಂಡಿಯಲ್ಲಿ ನಾಲ್ಕು ಅಡಿಯ ಕೆಳಗೆ ಸುಣ್ಣದ ಹರಳುಗಳು ಕಾಣಿಸಿದ್ದುವು. ಅಂತೂ ಅಲ್ಲಿಯೇ ಹುಟ್ಟಿದ ಎರೆ. ಹುಟ್ಟು ಯಾವುದಾದರೂ ಗುಣ ಒಂದೇ. ಅದರ ಕಣಗಳು ಬಹು ಸೂಕ್ಷ್ಮವಾದ ಹಾಳೆಗಳಂತಿರುತ್ತವೆ. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುವುದು, ಆರಿದರೆ ಕುಗ್ಗುವುದು. ಗೋಡೆಯ ಬಿರುಕಿಗೆ ಕಾರಣ ಇದೇ, ಭೂಕಂಪವಲ್ಲ.

“ಮತ್ತೆ ಭೂಕಂಪದ ಮಾತೇಕೆ?” ಎಂದರು ಭಾವನವರು. ಮಾತು ಅಲ್ಲಿಗೇ ಬರಬೇಕಾಗಿತ್ತು. ಭಾರತದ ನೆಲವು ಇಂದಿಗೂ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಬಡಗಲಿಗೆ ಸರಿಯುತ್ತಿದೆ; ನಮ್ಮ ಉಗುರು ಬೆಳೆಯುವುದಕ್ಕಿಂತ ತುಸು ವೇಗ. ಮುಂದೆ ಹಿಮಾಲಯವು ಅಡ್ಡ ನಿಂತಿರುವುದರಿಂದ ಆ ಒತ್ತಡವು ಹಿಂದಿನ ನೆಲಕ್ಕೂ ತಟ್ಟುವುದು. ಹಳೆಯ ಬಿರುಕುಗಳು ಎಂದೋ ಒಮ್ಮೆ ಜಾರುವುವು. 1900ನೆಯ ಇಸವಿಯ ಫೆಬ್ರವರಿ 8ರಂದು ಕೊಯಮತ್ತೂರಿನ ಕಡೆ ಹುಟ್ಟಿದ ಭೂಕಂಪವು ದಕ್ಷಿಣ ದೇಶದ ಬಹುಭಾಗವನ್ನು ನಡುಗಿಸಿತು. ಕೊಯಮತ್ತೂರು ಮೂಗೂರಿನಿಂದ ತೆಂಕಲಿಗೆ ಸುಮಾರು 125 ಕಿಲೋಮೀಟರು. ನಮ್ಮ ಬೀದರು ಕಲಬುರಗಿಗಳ ಗಡಿಯಾಚೆಗಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದುದನ್ನು ನಮ್ಮಲ್ಲಿ ಅನೇಕರು ಮರೆತಿಲ್ಲ. ಅದೂ ಭದ್ರವಾದ ಪ್ರಸ್ಥಭೂಮಿಯೆಂದೇ ಹೆಸರಾಗಿತ್ತು. ಗಣಪತಿಯನ್ನು ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಮನೆಗಳು ಕುಸಿದುವು. ಸಾವಿರಾರು ಮಂದಿ ಎದ್ದೇಳಲಿಲ್ಲ. ಅವರನ್ನು ಕೊಂದುದು ನೆಲವಲ್ಲ, ಗೋಡೆ. ಕೆಸರಿನಲ್ಲಿ ಕೂರಿಸಿದ ಉಂಡೆಗಲ್ಲಿನ ದಪ್ಪ ಗೋಡೆಗಳು; ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ. ಗೋಡೆಯ ಒಳಮೈಗೂ ಹೊರಮೈಗೂ ಹಿಡಿತವಿರಲಿಲ್ಲ.

ವಾಚಕರು ಇದನ್ನೋದಿ ಹೆದರಬೇಕಾದುದಿಲ್ಲ. 2002ರ ಭೂಕಂಪ ನಕ್ಷೆಯಲ್ಲಿ ಮೈಸೂರು ಸೀಮೆಯು ಅಪಾಯವು ಕನಿಷ್ಠವಾದ ವಲಯದಲ್ಲಿತ್ತು. ಆದರೆ ಕನಿಷ್ಠವೆಂದರೆ ಇಲ್ಲವೇ ಇಲ್ಲವೆಂದಲ್ಲ. ಎರೆಗೆ ಅಂಜಿ ಮಾಡುವ ಕೆಲಸದ ಜೊತೆಯಲ್ಲಿಯೇ ಸ್ವಲ್ಪ ಹೆಚ್ಚಿನ ವೆಚ್ಚದಲ್ಲಿ ಎರಡನೆಯ ರಕ್ಷೆಯೂ ಆಗುವುದಾದರೆ ಅದನ್ನು ಬಿಡುವುದು ಜಾಣತನವಲ್ಲ. ಪಾಯವು ಎರೆಯನ್ನು ದಾಟಿ ಗರಸನ್ನೋ ಬಂಡೆಯನ್ನೋ ಮುಟ್ಟಬೇಕು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಬಾರದು. ಕಲ್ಲಿನ ಗೋಡೆಯಲ್ಲಿ ಅಲ್ಲಲ್ಲಿ ಎರಡು ಮೈಯನ್ನೂ ಹಿಡಿಯುವ ಉದ್ದನೆಯ ಕಲ್ಲುಗಳನ್ನು ಅಡ್ಡಲಾಗಿ ಕೂರಿಸಬೇಕು. ಪಾಯದ ಮೇಲೊಂದು, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲೊಂದು, ಕಬ್ಬಿಣದ ಸಲಾಕೆಯಿಟ್ಟ ಕಾಂಕ್ರೀಟಿನ ಪಟ್ಟಿಯು ಎಲ್ಲ ಗೋಡೆಗಳನ್ನೂ ಬಳಸಿ ಬರಬೇಕು. ಬೀಪಾಯಿಗೆ ಕಬ್ಬಿಣದ ಬಳೆ ತೊಡಿಸಿದಂತೆ.

ಭಾವನವರು ಬಹಳ ಹೊತ್ತು ಮಾತಾಡಲಿಲ್ಲ. ಎದ್ದುಹೋಗಿ ಗುಂಡಿಯ ಅಂಚಿನಲ್ಲಿ ನಿಂತು, “ಇನ್ನೆಷ್ಟು ಅಡಿ ಬೇಕಾದೀತು?” ಎಂದು ಮೇಸ್ತ್ರಿಯನ್ನು ಕೇಳಿದರು. “ಮೂರು ಅಡಿ ಆದೀತು ಸ್ವಾಮಿ” ಎಂದನು ಅವನು. “ಆಗಲಿ, ತೆಗೆ” ಎಂದರು. ಏಳನೆಯ ಅಡಿಯಲ್ಲಿ ಗಟ್ಟಿ ಗರಸು ಸಿಕ್ಕಿತು. ಪಟ್ಟಿಗೂ ಒಪ್ಪಿದರು, ಬಚ್ಚಲ ಕಾಲುವೆಯನ್ನು ಹಿತ್ತಲಿನ ಬಾಳೆಯ ಕಡೆಗೆ ತಿರುಗಿಸಿದರು. ಗೋಡೆ ಏಳುವವರೆಗೆ ತೊಟ್ಟಿಲನ್ನು ನಡುಮನೆಗೆ ಸಾಗಿಸಿ ಆಯಿತು. ಅಂದಿನ ರಾತ್ರಿ ನಮ್ಮ ಅಕ್ಕ ನೆಮ್ಮದಿಯಾಗಿ ನಿದ್ದೆ ಮಾಡಿದಳೆಂದು ಬೆಳಗ್ಗೆ ಕಾಫಿ ಕೊಡುವಾಗ ತಾನೇ ಹೇಳಿದಳು.

ಎರೆ ನೆಲದಲ್ಲಿ ಮನೆಯುಳ್ಳ ವಾಚಕರು ಈ ಬೇಸಗೆಯಲ್ಲಿ ತಮ್ಮ ಗೋಡೆಗಳ ಬುಡವನ್ನು ಒಮ್ಮೆ ನೋಡಿಕೊಳ್ಳುವರಾಗಿ ನಂಬಿದ್ದೇನೆ. ತಲಕಾಡಿನ ಮರಳಿನ ವಿಷಯವನ್ನು ಹುಡುಗನು ಕೇಳದೆ ಬಿಡಲಿಲ್ಲ. ಅದನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡಿದ್ದೇನೆ.